ಚರ್ಚ್ ಕಟ್ಟಡಕ್ಕೆ ಹಣ ಕೂಡಿಸುವುದು: ಯಾವ ದಾರಿ ಹಿಡಿಯಬೇಕು, ಯಾರನ್ನು ಮೊದಲು ಕೇಳಬೇಕು

ಹೊಸ ಆರಾಧನಾ ಮಂದಿರ ಕಟ್ಟಬೇಕು. ಅಥವಾ ಸೋರುವ ಛಾವಣಿ ತೆಗೆದು ಹೊಸದು ಹಾಕಬೇಕು. ಅಥವಾ ಸಂಡೇ ಸ್ಕೂಲ್ ಮಕ್ಕಳಿಗೆ ನಾಲ್ಕು ಕೋಣೆ ಬೇಕು. ಹಣ ಇಲ್ಲ. ಕಟ್ಟಡ ಕಮಿಟಿಯ ಮೊದಲ ಮೀಟಿಂಗ್‌ನಲ್ಲೇ ಒಬ್ಬೊಬ್ಬರ ಬಾಯಲ್ಲೂ ಒಂದೊಂದು ದಾರಿ ಇರುತ್ತದೆ. ಒಬ್ಬರು ಮನೆಗಿಷ್ಟು ಅಂತ ಹಾಕೋಣ ಅನ್ನುತ್ತಾರೆ. ಇನ್ನೊಬ್ಬರು ಬ್ಯಾಂಕ್ ಸಾಲ ತೆಗೆದುಕೊಳ್ಳೋಣ, ತೀರಿಸಲು ದೇವರಿದ್ದಾನೆ ಅನ್ನುತ್ತಾರೆ. ಯಾರೋ ಸಂಗೀತ ಸಂಜೆ ಅನ್ನುತ್ತಾರೆ, ಯಾರೋ ಆನ್‌ಲೈನ್ ಅನ್ನುತ್ತಾರೆ. ಕೊನೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡೋಣ ಅಂತ ಪ್ರಾರ್ಥನೆ ಮಾಡಿ ಎದ್ದು ಹೋಗುತ್ತಾರೆ.

ಆ ಕೊನೆಯ ತೀರ್ಮಾನವೇ ಎಲ್ಲಕ್ಕಿಂತ ದುಬಾರಿ. ಎರಡು ವರ್ಷ ಎಲ್ಲರೂ ಓಡಾಡಿರುತ್ತಾರೆ, ಸಭೆಯವರಿಗೆ ಕೇಳಿಸಿಕೊಂಡು ಕೇಳಿಸಿಕೊಂಡು ಬೇಸರ ಬಂದಿರುತ್ತದೆ, ಅಡಿಪಾಯದ ಮೇಲೆ ಹುಲ್ಲು ಬೆಳೆದಿರುತ್ತದೆ. ಹಾಗಾಗಿ ಇಲ್ಲಿ ಒಂದೊಂದೇ ಆಯ್ಕೆಯನ್ನು ಎದುರುಬದುರು ಇಟ್ಟು ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹಣ ಕೂಡುತ್ತದೋ ಇಲ್ಲವೋ ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ನೀವು ಆರಿಸಿದ ಕಾರ್ಯಕ್ರಮ ಅಲ್ಲ, ಕೇಳಿದ ಕ್ರಮ. ಯಾರನ್ನು ಮೊದಲು ಕೇಳಿದಿರಿ, ಎಷ್ಟು ಕೇಳಿದಿರಿ, ಕೇಳಿದವರು ಯಾರು, ಅವರು ತಾವು ಕೊಟ್ಟು ಕೇಳಿದರಾ, ಇಷ್ಟೇ.

ಯಾವ ದೇಶದ ಹಣದಲ್ಲಿ ಓದಿದರೂ ಅರ್ಥವಾಗಲಿ ಅಂತ ಲೆಕ್ಕಕ್ಕೆಲ್ಲ ಒಟ್ಟು ಗುರಿಯನ್ನು 100 ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಅಂಕಿಯನ್ನು ನೀವು ಹಾಕಿಕೊಳ್ಳಿ.

ಮನೆಗಿಷ್ಟು ಅಂತ ಹಾಕೋದಾ, ಶಕ್ತಿ ನೋಡಿ ಕೇಳೋದಾ?

ಮನೆಗಿಷ್ಟು ಅಂತ ಹಾಕುವುದು ಎಲ್ಲರಿಗೂ ಇಷ್ಟ, ಯಾಕೆಂದರೆ ಅದು ನ್ಯಾಯ ಅನ್ನಿಸುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಸಭೆಯಲ್ಲಿ 150 ಮನೆ ಇವೆ ಅಂದುಕೊಳ್ಳಿ. ಗುರಿ 100. ಸಮ ಪಾಲು ಅಂದರೆ ಮನೆಗೆ ಸುಮಾರು 0.67. ಇವರಲ್ಲಿ 50 ಮನೆಯವರಿಗೆ ಅಷ್ಟು ಕೊಡಲು ಆಗುವುದಿಲ್ಲ. ವಿಧವೆಯರಿದ್ದಾರೆ, ಕೆಲಸ ಹೋದವರಿದ್ದಾರೆ, ಮಕ್ಕಳ ಫೀಸಿಗೆ ಸಾಲ ಮಾಡಿದವರಿದ್ದಾರೆ. ಅಲ್ಲಿಗೆ 33 ಹೋಯಿತು. ಇನ್ನೊಂದು ಕಡೆ, 15 ಕೊಡಬಲ್ಲ ಒಂದು ಮನೆ ಇದೆ. ಅವರೂ 0.67 ಕೊಟ್ಟು, ನನ್ನ ಪಾಲು ಮುಗಿಯಿತು ಅಂತ ನೆಮ್ಮದಿಯಿಂದ ಕೂರುತ್ತಾರೆ. ಅವರ ತಪ್ಪಲ್ಲ, ನೀವೇ ಅಷ್ಟು ಕೇಳಿದ್ದು. ಕೊಡಲಾಗದವರು ಮಾತ್ರ ಮುಂದಿನ ಭಾನುವಾರದಿಂದ ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿಯುವ ಮೊದಲೇ ಎದ್ದು ಹೋಗುತ್ತಾರೆ.

ಇನ್ನೊಂದು ದಾರಿಯಲ್ಲಿ ಕಮಿಟಿ ಮೊದಲು ಒಂದು ಪಟ್ಟಿ ಮಾಡುತ್ತದೆ. ಎಷ್ಟು ದೊಡ್ಡ ಕಾಣಿಕೆ ಎಷ್ಟು ಬೇಕು ಅನ್ನುವ ಪಟ್ಟಿ, ಹೆಸರಿಲ್ಲದ್ದು. ಉದಾಹರಣೆಗೆ 15ರ ಕಾಣಿಕೆ ಒಂದು. 8ರದ್ದು ಎರಡು. 4ರದ್ದು ನಾಲ್ಕು. 2ರದ್ದು ಎಂಟು. 1ರದ್ದು ಹದಿನಾರು. ಕೂಡಿಸಿದರೆ 31 ಮನೆಯಿಂದ 79 ಬರುತ್ತದೆ. ಉಳಿದ 21 ಮಾತ್ರ ಮಿಕ್ಕ 119 ಮನೆಯವರಿಂದ ಬರಬೇಕು, ಅಂದರೆ ಸರಾಸರಿ ಮನೆಗೆ 0.18ಕ್ಕಿಂತಲೂ ಕಡಿಮೆ. ಸಮ ಪಾಲಿನಲ್ಲಿ ಸಾಮಾನ್ಯ ಮನೆಯಿಂದ ನೀವು ಕೇಳಿದ್ದು ಇದರ ಸುಮಾರು ನಾಲ್ಕು ಪಟ್ಟು! ನ್ಯಾಯ ಯಾವುದು ಅಂತ ಈಗ ಹೇಳಿ.

ಅನುಭವಸ್ಥರು ಮಾಡುವ ಪಟ್ಟಿಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಅತಿ ದೊಡ್ಡ ಒಂದು ಕಾಣಿಕೆ ಗುರಿಯ 10ರಿಂದ 20 ಪರ್ಸೆಂಟ್, ಮೇಲಿನ ಕೆಲವೇ ಮನೆಗಳಿಂದ ಹೆಚ್ಚಿನ ಪಾಲು. ಇನ್ನೊಂದು ಮಾತು. ಪಟ್ಟಿಯ ಒಂದು ಜಾಗಕ್ಕೆ ಒಂದೇ ಹೆಸರು ಸಾಕಾಗುವುದಿಲ್ಲ. ಕೆಲವರು ಇಲ್ಲ ಅನ್ನುತ್ತಾರೆ, ಕೆಲವರು ನೀವು ಅಂದುಕೊಂಡ ಅರ್ಧ ಕೊಡುತ್ತಾರೆ. ಒಂದು ಜಾಗಕ್ಕೆ ಮೂರು ನಾಲ್ಕು ಹೆಸರು ಕೈಯಲ್ಲಿರಬೇಕು. 8ರ ಕಾಣಿಕೆ ಕೊಡಬಲ್ಲವರು ನಮ್ಮಲ್ಲಿ ಒಬ್ಬರೂ ಇಲ್ಲ ಅಂತ ಪಟ್ಟಿ ಮಾಡುವಾಗಲೇ ಗೊತ್ತಾದರೆ ಅದು ಒಳ್ಳೆಯ ಸುದ್ದಿ. ಕಟ್ಟಡದ ನಕ್ಷೆ ಚಿಕ್ಕದು ಮಾಡಲು ಇನ್ನೂ ಸಮಯ ಇದೆ.

ಸಮ ಪಾಲು ಸರಿಹೋಗುವ ಜಾಗವೂ ಒಂದಿದೆ. ಎಲ್ಲರ ಸಂಪಾದನೆ ಹೆಚ್ಚುಕಡಿಮೆ ಒಂದೇ ಇರುವ ಸಣ್ಣ ಸಭೆ, ಸಣ್ಣ ಮೊತ್ತ, ನೀರಿನ ಟ್ಯಾಂಕು ಅಥವಾ ಕಾಂಪೌಂಡಿನಂಥ ಕೆಲಸ. ಅಲ್ಲಿ ಇಷ್ಟೆಲ್ಲ ಪಟ್ಟಿ ಮಾಡುತ್ತಾ ಕೂರುವುದು ಬೇಡ.

ವೇದಿಕೆಯಿಂದ ಹೇಳೋದಾ, ಮನೆಗೆ ಹೋಗಿ ಕೇಳೋದಾ?

ಎರಡೂ. ಆದರೆ ಮನೆ ಮೊದಲು, ಮೈಕು ಆಮೇಲೆ. ಇಲ್ಲೇ ಜಾಸ್ತಿ ಸಭೆಗಳು ಎಡವುವುದು.

ಸಾಮಾನ್ಯವಾಗಿ ಏನಾಗುತ್ತದೆ? ಒಂದು ಭಾನುವಾರ ಪಾಸ್ಟರ್ ನಕ್ಷೆ ತೋರಿಸುತ್ತಾರೆ, ಮೊತ್ತ ಹೇಳುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎಷ್ಟು ಹಣ ಕೂಡಿತು ಅಂತ ತೋರಿಸಲು ಗೋಡೆಯ ಮೇಲೆ ದೊಡ್ಡ ಥರ್ಮಾಮೀಟರ್ ಚಿತ್ರ. ಕೆಂಪು ಬಣ್ಣ ತಳದಲ್ಲೇ ಇದೆ. ಮುಂದಿನ ತಿಂಗಳೂ ಅಲ್ಲೇ. ಆರು ತಿಂಗಳ ಮೇಲೆ ಅದನ್ನು ನೋಡುವವರಿಗೆ ಬರುವ ಯೋಚನೆ ಒಂದೇ, ಇದು ಆಗುವ ಹೋಗುವ ಕೆಲಸ ಅಲ್ಲ. ದೊಡ್ಡದಾಗಿ ಕೊಡಬಲ್ಲವರೂ ಅಷ್ಟರಲ್ಲಿ ಪೆಟ್ಟಿಗೆಗೆ ಸುಮ್ನೆ ಏನೋ ಒಂದಿಷ್ಟು ಹಾಕಿ ಮುಗಿಸಿರುತ್ತಾರೆ. ಒಮ್ಮೆ ಕೊಟ್ಟವರ ಮನೆಗೆ ಮತ್ತೆ ಹೋಗಿ, ಅಣ್ಣ, ನೀವು ಇನ್ನೂ ಕೊಡಬೇಕಿತ್ತು ಅಂತ ಯಾರು ಹೇಳುತ್ತಾರೆ?

ಇದಕ್ಕೆ ಬದಲು, ಘೋಷಣೆಗೆ ಮೊದಲೇ ಸದ್ದಿಲ್ಲದೆ ಕೆಲಸ ನಡೆಯಬೇಕು. ಮೊದಲು ಪಾಸ್ಟರ್ ಮತ್ತು ಕಮಿಟಿಯವರು ತಾವು ಎಷ್ಟು ಕೊಡುತ್ತೇವೆ ಅಂತ ಬರೆದು ಕೊಡಬೇಕು. ನೂರಕ್ಕೆ ನೂರು ಮಂದಿ, ಒಬ್ಬರೂ ಬಿಡದೆ. ಮೊತ್ತ ಎಷ್ಟಿದ್ದರೂ ಪರವಾಗಿಲ್ಲ, ಅವರವರಿಗೆ ಅದು ನಿಜವಾಗಿ ಭಾರ ಅನ್ನಿಸುವಷ್ಟಿರಲಿ. ಆಮೇಲೆ ಪಟ್ಟಿಯ ಮೇಲಿನ ಮನೆಗಳು. ಒಂದೊಂದು ಮನೆಗೂ ಇಬ್ಬರು ಹೋಗಿ, ಕೂತು, ಮಾತಾಡಿ ಕೇಳಬೇಕು. ಹೀಗೆ ಗುರಿಯ 50ರಿಂದ 70 ಪರ್ಸೆಂಟ್ ಮಾತು ಸಿಕ್ಕಿದ ಮೇಲೆ ಮಾತ್ರ ಸಭೆಯ ಮುಂದೆ ಘೋಷಣೆ. ಆಗ ಮೊದಲ ದಿನವೇ ಥರ್ಮಾಮೀಟರ್ ಅರ್ಧ ದಾಟಿರುತ್ತದೆ. ಅದನ್ನು ನೋಡಿದವರಿಗೆ ನಮ್ಮದೂ ಸೇರಿದರೆ ಮುಗಿಯುತ್ತದೆ ಅನ್ನಿಸುತ್ತದೆ.

ಇದು ವ್ಯಾಪಾರದವರ ತಂತ್ರ, ಚರ್ಚಿಗೆ ಸಲ್ಲದು ಅಂತ ಯಾರಾದರೂ ಅಂದರೆ ಬೈಬಲ್ ತೆಗೆದು 1 ಪೂರ್ವಕಾಲವೃತ್ತಾಂತ 29ನೇ ಅಧ್ಯಾಯ ತೋರಿಸಿ. ದೇವಾಲಯಕ್ಕಾಗಿ ದಾವೀದ ಮೊದಲು ತನ್ನ ಸ್ವಂತ ಸೊತ್ತಿನಿಂದ 3,000 ತಲಾಂತು (ಆ ಕಾಲದ ಒಂದು ದೊಡ್ಡ ತೂಕ) ಚಿನ್ನ, 7,000 ತಲಾಂತು ಬೆಳ್ಳಿ ಕೊಡುತ್ತಾನೆ. ಅದಾದ ಮೇಲೆ ಯಾರು ಕೊಡುತ್ತೀರಿ ಅಂತ ಕೇಳುತ್ತಾನೆ. ಕುಲದ ಮುಖ್ಯಸ್ಥರು 5,000 ತಲಾಂತು ಚಿನ್ನ, 10,000 ತಲಾಂತು ಬೆಳ್ಳಿ ತರುತ್ತಾರೆ. ಜನರು ಅದನ್ನು ನೋಡಿ ಸಂತೋಷಪಡುತ್ತಾರೆ. ನಾಯಕ, ಮುಖ್ಯಸ್ಥರು, ಆಮೇಲೆ ಜನ. ಹಣ ಕೂಡಿಸುವ ಬಗ್ಗೆ ಈಗಿನ ಸಲಹೆಗಾರರು ದುಡ್ಡು ತೆಗೆದುಕೊಂಡು ಹೇಳಿಕೊಡುವ ಕ್ರಮವೂ ಇದೇ.

ಅವಧಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1905ರಲ್ಲಿ ಚಾರ್ಲ್ಸ್ ಸಮ್ನರ್ ವಾರ್ಡ್ ಮತ್ತು ಲೈಮನ್ ಪಿಯರ್ಸ್ ಅನ್ನುವ ಇಬ್ಬರು ಅಮೆರಿಕದ ವಾಷಿಂಗ್ಟನ್‌ನಲ್ಲಿ ವೈಎಂಸಿಎ ಅನ್ನುವ ಕ್ರೈಸ್ತ ಯುವಕರ ಸಂಘದ ಕಟ್ಟಡಕ್ಕೆ ಹಣ ಕೂಡಿಸಿದರು. ಅವರು ತಂದ ಹೊಸತನ ಏನೆಂದರೆ ಗಡುವು. ಇಂಥ ದಿನ ಶುರು, ಇಂಥ ದಿನ ಮುಗಿಯಬೇಕು, ತಂಡ ತಂಡವಾಗಿ ಹೋಗಿ ಕೇಳಬೇಕು, ಎಷ್ಟಾಯಿತು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಇವತ್ತಿನ ಅಭಿಯಾನಗಳ ಅಚ್ಚು ಅದೇ. ಸದ್ದಿಲ್ಲದ ಹಂತಕ್ಕೆ ಕೆಲವು ತಿಂಗಳು ಬೇಕಾಗಬಹುದು, ಆದರೆ ಸಭೆಯ ಮುಂದಿನ ಹಂತ ಒಂದೂವರೆ ಎರಡು ತಿಂಗಳಲ್ಲಿ ಮುಗಿಯಲಿ. ವರ್ಷವಿಡೀ ಪ್ರತಿ ಭಾನುವಾರ ಹಣದ ಮಾತಾದರೆ ಪ್ರಸಂಗ ಕೇಳಲು ಬಂದವರು ಬೇರೆ ಚರ್ಚ್ ಹುಡುಕುತ್ತಾರೆ.

ಮನೆಗೆ ಹೋದಾಗ ಮೊತ್ತ ಹೇಳಿ ಕೇಳಬೇಕಾ, ಅವರಿಗೇ ಬಿಡಬೇಕಾ? ಹೇಳಬೇಕು. ನಾಚಿಕೆಪಟ್ಟು, ನಿಮಗೆ ತೋಚಿದ್ದು ಕೊಡಿ ಅಂದರೆ ಅವರಿಗೂ ಗೊಂದಲ. ಇಂಥ ಜಾಗದಲ್ಲಿ 8ರ ಕಾಣಿಕೆ ಎರಡು ಬೇಕಾಗಿದೆ, ನೀವು ಅದರ ಬಗ್ಗೆ ಪ್ರಾರ್ಥನೆ ಮಾಡಿ ಯೋಚಿಸುತ್ತೀರಾ ಅಂತ ನೇರವಾಗಿ ಕೇಳಿ ಸುಮ್ಮನಾಗಿ. ಸುಮ್ಮನಾಗುವುದೇ ಕಷ್ಟ, ಕೇಳುವುದಲ್ಲ. ಉತ್ತರ ಆಗಲೇ ಬೇಡ, ಮುಂದಿನ ವಾರ ಬರುತ್ತೇವೆ ಅನ್ನಿ. ಗಂಡ ಹೆಂಡತಿ ಇಬ್ಬರೂ ಇರುವ ಹೊತ್ತಿಗೆ ಹೋಗಿ. ಒಬ್ಬರೇ ಇದ್ದಾಗ ಸಿಕ್ಕ ಹೂಂ ಅನ್ನುವ ಮಾತು ರಾತ್ರಿ ಕಳೆಯುವಷ್ಟರಲ್ಲಿ ಬದಲಾಗಬಹುದು.

ಒಂದೇ ಸಲದ ಕಾಣಿಕೆಯಾ, ಮೂರು ವರ್ಷದ ಮಾತಾ?

ಒಂದೇ ವಿಶೇಷ ಭಾನುವಾರದಲ್ಲಿ ಬರುವುದು ಜನರ ಕೈಯಲ್ಲಿ ಆಗ ಇರುವ ಹಣ ಮಾತ್ರ. ಮೂರು ವರ್ಷದ ಮಾತು ಅಂದರೆ ಮುಂದೆ ಬರುವ ಸಂಬಳ, ಬೋನಸ್, ಬೆಳೆ, ಮಾರಲಿರುವ ಸೈಟು, ಎಲ್ಲದರಿಂದ ಕೊಡಬಹುದಾದದ್ದು. ಹಾಗಾಗಿ ಮೊತ್ತ ದೊಡ್ಡದಾಗುತ್ತದೆ. ತಿಂಗಳಿಗೆ ಇಷ್ಟು ಅಂತ ಬರೆದುಕೊಟ್ಟರೆ 36 ಸಲ ಕೊಟ್ಟ ಹಾಗಾಯಿತು, ಭಾರವೂ ಗೊತ್ತಾಗುವುದಿಲ್ಲ. ಕೊರಿಂಥದವರಿಗೆ ಪೌಲ ಬರೆದದ್ದೂ ಇದನ್ನೇ: ವಾರದ ಮೊದಲ ದಿನ ಒಬ್ಬೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಿ, ನಾನು ಬಂದ ಮೇಲೆ ಕೂಡಿಸುವುದು ಬೇಡ.

ಗುರಿ ಎಷ್ಟಿಡಬೇಕು ಅನ್ನುವುದಕ್ಕೆ ಈ ಕೆಲಸದವರು ಸಾಮಾನ್ಯವಾಗಿ ಹೇಳುವ ಅಂದಾಜು ಒಂದಿದೆ. ಸಭೆಯ ಒಂದು ವರ್ಷದ ಮಾಮೂಲಿ ಕಾಣಿಕೆ ಎಷ್ಟೋ, ಮೂರು ವರ್ಷದ ಅಭಿಯಾನದಲ್ಲಿ ಅದರ ಒಂದರಿಂದ ಎರಡು ಪಟ್ಟು. ಮೂರು ಪಟ್ಟು ಬಂದರೆ ತುಂಬ ಚೆನ್ನಾಗಿ ನಡೆದಿದೆ ಅಂತ ಅರ್ಥ. ಇದು ಅಂದಾಜು ಮಾತ್ರ, ಆದರೆ ನಿಮ್ಮ ಆರ್ಕಿಟೆಕ್ಟ್ ತಂದ ನಕ್ಷೆ ವರ್ಷದ ಕಾಣಿಕೆಯ ಏಳು ಪಟ್ಟು ಕೇಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಯೋಚನೆ ಮಾಡಿ.

ಮೂರು ವರ್ಷದ ಮಾತಿನಲ್ಲಿ ಎರಡು ತೊಂದರೆ ಇವೆ. ಒಂದು, ಕೊಟ್ಟ ಮಾತೆಲ್ಲ ಹಣವಾಗಿ ಬರುವುದಿಲ್ಲ. ಜನ ಊರು ಬಿಡುತ್ತಾರೆ, ಕಾಯಿಲೆ ಬೀಳುತ್ತಾರೆ, ತೀರಿಕೊಳ್ಳುತ್ತಾರೆ, ಒಬ್ಬಿಬ್ಬರು ಪಾಸ್ಟರ್ ಜೊತೆ ಜಗಳ ಮಾಡಿಕೊಳ್ಳುತ್ತಾರೆ. 100 ಬರೆದಿದ್ದರೆ 90 ಅಂತ ಮೊದಲೇ ಲೆಕ್ಕ ಹಿಡಿಯಿರಿ. ಇನ್ನೊಂದು, ಹಣ ನಿಧಾನ ಬರುತ್ತದೆ, ಗುತ್ತಿಗೆದಾರ ಬೇಗ ಕೇಳುತ್ತಾನೆ. ಶುರುವಿನ ಭಾನುವಾರ ಪ್ರಥಮ ಫಲದ ಕಾಣಿಕೆ ಅಂತ 20 ಬಂತು ಅನ್ನಿ. ಉಳಿದ 80 ಮೂರು ವರ್ಷಕ್ಕೆ ಹಂಚಿದರೆ ಒಂದು ವರ್ಷದ ಕೊನೆಗೆ ಕೈಯಲ್ಲಿ ಹೆಚ್ಚೆಂದರೆ 47, ಒಂದೂವರೆ ವರ್ಷಕ್ಕೆ 60. ಕಟ್ಟಡ ಒಂದೂವರೆ ವರ್ಷದಲ್ಲಿ ಮುಗಿಯುವುದಾದರೆ 40 ಎಲ್ಲಿಂದ ತರುತ್ತೀರಿ?

ಇಲ್ಲಿಗೆ ಸಾಲದ ಪ್ರಶ್ನೆ ಬರುತ್ತದೆ. ಸಾಲ ಮಾಡಲೇಬಾರದು ಅನ್ನುವ ಸಭೆಗಳಿವೆ, ಅವರ ನಂಬಿಕೆ ಅವರದು. ಆದರೆ ಎರಡು ಬಗೆಯ ಸಾಲವನ್ನು ಒಂದೇ ಅಂತ ನೋಡಬೇಡಿ. ಬಡ್ಡಿ ವರ್ಷಕ್ಕೆ 10 ಪರ್ಸೆಂಟ್ ಅಂದುಕೊಳ್ಳೋಣ. 100 ಸಾಲ ತಂದು 20 ವರ್ಷ ತಿಂಗಳ ಕಂತು ಕಟ್ಟಿದರೆ ಒಟ್ಟು ಕಟ್ಟುವುದು ಸುಮಾರು 232. ಅದೇ ಸಾಲವನ್ನು ಮೂರು ವರ್ಷದಲ್ಲಿ ತೀರಿಸಿದರೆ ಸುಮಾರು 116. ಮೊದಲನೆಯದರಲ್ಲಿ ನೀವು ಎರಡು ಚರ್ಚ್ ಕಟ್ಟುವ ಹಣ ಕೊಟ್ಟು ಒಂದು ಚರ್ಚ್ ಕಟ್ಟುತ್ತೀರಿ, ಅದೂ ಈಗ ತೊಟ್ಟಿಲಲ್ಲಿರುವ ಮಕ್ಕಳ ತಲೆ ಮೇಲೆ ಹೊರಿಸಿ. ಎರಡನೆಯದು ಮಾತು ಕೊಟ್ಟ ಹಣ ಬರುವ ತನಕದ ಕೈಸಾಲ ಅಷ್ಟೇ. ಹಾಗಾಗಿ ನನ್ನ ಪ್ರಕಾರ: ಜನ ಬರೆದುಕೊಟ್ಟ ಮಾತಿನ ಬಲದ ಮೇಲೆ ಚಿಕ್ಕ ಅವಧಿಯ ಸಾಲ ಆಗಬಹುದು, ಅಭಿಯಾನದ ಬದಲಿಗೆ ದೊಡ್ಡ ಸಾಲ ಬೇಡ. ಮೊದಲು ಸಾಲ ತಂದು ಕಟ್ಟಿಸಿ, ಆಮೇಲೆ ತೀರಿಸಲು ಕೇಳೋಣ ಅನ್ನುವವರು ಒಂದು ಮರೆಯುತ್ತಾರೆ. ಹೊಸ ಕಟ್ಟಡಕ್ಕೆ ಕೊಡುವಷ್ಟು ಖುಷಿಯಿಂದ ಯಾರೂ ಹಳೇ ಬಡ್ಡಿಗೆ ಕೊಡುವುದಿಲ್ಲ.

ಸಾಲವೇ ಬೇಡ ಅನ್ನುವವರಿಗೆ ಹಂತ ಹಂತವಾಗಿ ಕಟ್ಟುವ ದಾರಿ ಇದೆ. ಆದರೆ ಪ್ರತಿ ಹಂತವೂ ಬಳಸುವ ಹಾಗಿರಬೇಕು. ಮೊದಲ ಹಂತದಲ್ಲಿ ನೆಲಮಹಡಿ ಹಾಲ್ ಮುಗಿದು ಅಲ್ಲೇ ಆರಾಧನೆ ಶುರುವಾಗುವುದು ಒಂದು, ಬರೀ ಕಂಬಗಳು ಎದ್ದು ನಿಲ್ಲುವುದು ಇನ್ನೊಂದು. ಜರ್ಮನಿಯ ಕೊಲೋನ್ ಕೆಥೆಡ್ರಲ್ 1248ರಲ್ಲಿ ಶುರುವಾಗಿ, 16ನೇ ಶತಮಾನದಲ್ಲಿ ಕೆಲಸ ನಿಂತು, ಮುನ್ನೂರು ವರ್ಷದ ಹತ್ತಿರ ಹಾಗೇ ಅರ್ಧಂಬರ್ಧ ಇತ್ತು. 1842ರಲ್ಲಿ ಜನ ಸಂಘ ಕಟ್ಟಿಕೊಂಡು ಹಣ ಕೂಡಿಸತೊಡಗಿದರು, ಸರ್ಕಾರದ ಹಣವೂ ಸೇರಿತು, 1880ರಲ್ಲಿ ಮುಗಿಯಿತು. ಅಷ್ಟು ತಾಳ್ಮೆ ಇರುವ ಸಭೆ ಈಗ ಎಲ್ಲಿದೆ?

ಸಲಹೆಗಾರರನ್ನು ಕರೆಯೋದಾ, ನಾವೇ ಮಾಡೋದಾ?

ಮೂರು ದಾರಿ: ಹಣ ಕೊಟ್ಟು ಹೊರಗಿನ ಸಲಹೆಗಾರರು, ನಿಮ್ಮ ಡಯಾಸಿಸ್ ಅಥವಾ ಸಭಾ ಸಂಘಟನೆಯ ಅನುಭವಸ್ಥರು, ಇಲ್ಲವೇ ನಿಮ್ಮದೇ ಕಮಿಟಿ. ಸಲಹೆಗಾರರು ನಿಮ್ಮ ಪರವಾಗಿ ಹಣ ಕೇಳುವುದಿಲ್ಲ, ಅದನ್ನು ಮೊದಲು ತಿಳಿದುಕೊಳ್ಳಿ. ಕೇಳಬೇಕಾದವರು ನೀವೇ. ಅವರು ವೇಳಾಪಟ್ಟಿ ಮಾಡುತ್ತಾರೆ, ತರಬೇತಿ ಕೊಡುತ್ತಾರೆ, ಮುಂದೂಡುವ ಕಮಿಟಿಯನ್ನು ಎಬ್ಬಿಸಿ ಓಡಿಸುತ್ತಾರೆ. ಅವರಿಂದ ಸಿಗುವ ನಿಜವಾದ ಲಾಭ ಬೇರೆಯೇ. ಪಾಸ್ಟರ್ ಎದುರು ಹೇಳದ ಮಾತನ್ನು ಜನ ಹೊರಗಿನವರ ಎದುರು ಹೇಳುತ್ತಾರೆ.

ಅಭಿಯಾನಕ್ಕೆ ಮೊದಲು ಇಪ್ಪತ್ತು ಮೂವತ್ತು ಜನರನ್ನು ಗುಟ್ಟಾಗಿ ಮಾತಾಡಿಸಿ ನೋಡುವುದು ಅಂತ ಒಂದು ಹಂತ ಇದೆ. ಕೇಳುವುದು ಮುಖ್ಯವಾಗಿ ಮೂರೇ: ಈ ಕಟ್ಟಡ ಬೇಕು ಅಂತ ನಿಮಗೆ ಅನ್ನಿಸುತ್ತದಾ? ಇದನ್ನು ನಡೆಸುವವರ ಮೇಲೆ ನಂಬಿಕೆ ಇದೆಯಾ? ನೀವು ಸುಮಾರು ಯಾವ ಮಟ್ಟದಲ್ಲಿ ಕೊಡಬಹುದು? ಎರಡನೇ ಪ್ರಶ್ನೆಗೆ ಸಿಗುವ ಉತ್ತರ ಕೆಲವೊಮ್ಮೆ ಕಹಿಯಾಗಿರುತ್ತದೆ. ಹಳೇ ಲೆಕ್ಕ ಇನ್ನೂ ಕೊಟ್ಟಿಲ್ಲ, ಹಿಂದಿನ ಸಲ ಕೂಡಿಸಿದ ಹಣ ಏನಾಯಿತು, ಪಾಸ್ಟರ್ ಟ್ರಾನ್ಸ್‌ಫರ್ ಆಗಿ ಹೋಗುತ್ತಾರಂತೆ, ಇಂಥವು. ಇದೆಲ್ಲ ನಿಮ್ಮ ಖಜಾಂಚಿ ಹೋಗಿ ಕೇಳಿದರೆ ಹೊರಗೆ ಬರುತ್ತದಾ? ಬರಲ್ಲ. ಹಾಗಾಗಿ ಹಣ ಇಲ್ಲದಿದ್ದರೂ ಈ ಒಂದು ಹಂತಕ್ಕಾದರೂ ಹೊರಗಿನವರನ್ನು ಕರೆಯಿರಿ. ಬೇರೆ ಊರಿನ ಸಭೆಯಲ್ಲಿ ಇಂಥ ಕೆಲಸ ಮಾಡಿ ಮುಗಿಸಿದ ನಿವೃತ್ತ ಪಾಸ್ಟರ್ ಆದರೂ ಸಾಕು.

ಫೀಸಿನ ವಿಷಯ. ಕೂಡಿದ ಹಣದಲ್ಲಿ ಇಷ್ಟು ಪರ್ಸೆಂಟ್ ನಮಗೆ ಅನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್ ಅನ್ನುವ ದೊಡ್ಡ ವೃತ್ತಿ ಸಂಘಟನೆಯ ನೀತಿ ಸಂಹಿತೆಯೇ ಪರ್ಸೆಂಟ್ ಲೆಕ್ಕದ ಸಂಭಾವನೆ ಬೇಡ ಅನ್ನುತ್ತದೆ. ಕಾರಣ ಸರಳ. ಕಾಣಿಕೆ ಹಾಕುವ ಅಜ್ಜಿಗೆ ತನ್ನ ಹಣದಲ್ಲಿ ಒಂದು ಪಾಲು ದಲ್ಲಾಳಿಗೆ ಹೋಗುತ್ತದೆ ಅಂತ ಗೊತ್ತಾದರೆ ಏನನ್ನಿಸುತ್ತದೆ? ಇಂಥ ಕೆಲಸಕ್ಕೆ ಇಷ್ಟು ಅಂತ ನಿಗದಿ ಮಾಡಿ ಬರೆಸಿಕೊಳ್ಳಿ.

ನೀವೇ ಮಾಡುವುದು ಯಾವಾಗ ಸರಿ? ಗುರಿ ವರ್ಷದ ಕಾಣಿಕೆಯಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ, ಸಭೆಯಲ್ಲಿ ಜಗಳ ಇಲ್ಲದಾಗ, ಮತ್ತು ಆರು ತಿಂಗಳು ಬೇರೆ ಕೆಲಸ ಬದಿಗಿಟ್ಟು ಇದರ ಹಿಂದೆ ಬೀಳುವ ಒಬ್ಬ ಮನುಷ್ಯ ಇದ್ದಾಗ. ಆ ಒಬ್ಬರು ಪಾಸ್ಟರ್ ಆಗಬಾರದು. ಪಾಸ್ಟರ್ ಜೊತೆಗಿರಲಿ, ಮುಂದೆ ನಿಂತು ಮಾತಾಡಲಿ, ಆದರೆ ಇವತ್ತು ಕಂತು ಕೇಳಿದವರೇ ನಾಳೆ ಸಾವಿನ ಮನೆಯಲ್ಲಿ ಪ್ರಾರ್ಥನೆ ಮಾಡಲು ಹೋಗಬೇಕಾಗುತ್ತದೆ.

ಸಣ್ಣ ದಾರಿಗಳು

ಸಂಗೀತ ಸಂಜೆ, ಮಾರಾಟ ಮೇಳ, ಊಟದ ಕೂಪನ್: ಇವುಗಳಿಂದ ಸಭೆ ಒಟ್ಟಾಗುತ್ತದೆ, ಯುವಕರಿಗೆ ಕೆಲಸ ಸಿಗುತ್ತದೆ, ಹಣ ಮಾತ್ರ ಖರ್ಚು ಕಳೆದು ಹೆಚ್ಚು ಉಳಿಯುವುದಿಲ್ಲ. ಕುರ್ಚಿಗೋ ಸೌಂಡ್ ಸಿಸ್ಟಮ್‌ಗೋ ಆಗಬಹುದು. ಅಭಿಯಾನದ ನಡುವೆ ಇಡಬೇಡಿ, ಕಾಣಿಕೆ ಕೊಡಬೇಕಿದ್ದವರು ಟಿಕೆಟ್ ಕೊಂಡು ಮುಗಿಸಿಬಿಡುತ್ತಾರೆ.

ಆನ್‌ಲೈನ್‌ನಲ್ಲಿ ಎಲ್ಲರಿಗೂ ಲಿಂಕ್ ಕಳಿಸಿದರೆ ಅಪರಿಚಿತರು ಕೊಡುತ್ತಾರೆ ಅನ್ನುವುದು ಆಸೆ ಅಷ್ಟೇ. ಕೊಡುವವರು ನಿಮ್ಮನ್ನು ಬಲ್ಲವರೇ: ಊರು ಬಿಟ್ಟು ಹೋದ ಸಭೆಯವರು, ಆ ಚರ್ಚಿನಲ್ಲೇ ದೀಕ್ಷಾಸ್ನಾನ ಪಡೆದು ಈಗ ದೂರದಲ್ಲಿರುವವರು. ಅವರಿಗಂತೂ ಇದು ಒಳ್ಳೆಯ ದಾರಿ. ತಿಂಗಳ ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್ಟಾಗುವ ವ್ಯವಸ್ಥೆಗೆ ಸಭೆಯವರನ್ನೂ ಸೇರಿಸಿ, ನೆನಪಿಸುವ ಮುಜುಗರ ತಪ್ಪುತ್ತದೆ. ಹೊರದೇಶದಿಂದ ಹಣ ಬರುವುದಾದರೆ ನಿಮ್ಮ ದೇಶದ ಕಾನೂನು ಏನನ್ನುತ್ತದೆ ಅಂತ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ.

ಲಾಟರಿ? ಕೊಲೋನ್‌ನವರು ಕೆಥೆಡ್ರಲ್ ಮುಗಿಸಲು ಲಾಟರಿ ನಡೆಸಿದ್ದರು, ನಿಜ. ಆದರೆ ಹಲವು ಕಡೆ ಅದು ಕಾನೂನಿಗೆ ವಿರುದ್ಧ, ಹಲವು ಸಭೆಗಳಲ್ಲಿ ಜೂಜು ಅನ್ನುವ ಆಕ್ಷೇಪ. ಬಿಡಿ.

ಹೆಸರಿನ ಫಲಕದ ಬಗ್ಗೆ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಬೆಂಚಿಗೆ, ಕಿಟಕಿಗೆ, ಇಟ್ಟಿಗೆಗೆ ಒಂದೊಂದು ಬೆಲೆ ಕಟ್ಟಿ ಹೆಸರು ಕೆತ್ತಿಸಿದರೆ ಹಣ ಬರುವುದು ನಿಜ, ಮುಖ್ಯವಾಗಿ ತೀರಿಕೊಂಡ ಅಪ್ಪ ಅಮ್ಮನ ನೆನಪಿಗೆ ಕೊಡುವವರಿಂದ. ತೊಂದರೆ ಏನೆಂದರೆ ಬೆಂಚಿನ ಮೇಲೆ ಹೆಸರಿದ್ದವರು ಆ ಬೆಂಚು ತಮ್ಮದು ಅಂದುಕೊಳ್ಳುತ್ತಾರೆ. ಮುಂದೆ ಅದನ್ನು ಸರಿಸುವಾಗ ನೋಡಿ ಮಜಾ! ಎಲ್ಲ ಕೊಟ್ಟವರ ಹೆಸರನ್ನೂ ಮೊತ್ತ ಇಲ್ಲದೆ ಅಕ್ಷರ ಕ್ರಮದಲ್ಲಿ ಒಂದೇ ಪುಸ್ತಕದಲ್ಲಿ ಬರೆದಿಡುವುದು ನನಗೆ ಹೆಚ್ಚು ಇಷ್ಟ. ಕೊಟ್ಟದ್ದಕ್ಕೆ ಬದಲಾಗಿ ಏನನ್ನೋ ಮಾರುವ ಚರ್ಚಿಗೆ ಚರಿತ್ರೆಯಲ್ಲಿ ಒಳ್ಳೆಯ ಹೆಸರು ಬಂದಿಲ್ಲ. ರೋಮಿನ ಸಂತ ಪೇತ್ರರ ಬಸಿಲಿಕಾ ಕಟ್ಟಲು ಪಾಪದ ಶಿಕ್ಷೆಯಿಂದ ಬಿಡುಗಡೆಯ ಪತ್ರ ಮಾರಿದ್ದರಿಂದಲೇ 1517ರಲ್ಲಿ ಲೂಥರ್ ಎದ್ದು ನಿಂತದ್ದು. ಕಟ್ಟಡ ಮೇಲೆದ್ದಿತು, ಸಭೆ ಒಡೆಯಿತು.

ಮಾಮೂಲಿ ಕಾಣಿಕೆಯ ಜೊತೆಗಾ, ಬೇರೆಯಾಗಾ?

ಕೆಲವು ಸಭೆಗಳು ಎರಡನ್ನೂ ಸೇರಿಸಿ ಒಂದೇ ನಿಧಿ ಮಾಡುತ್ತವೆ. ಮೂರು ವರ್ಷಕ್ಕೆ ನಿಮ್ಮ ಒಟ್ಟು ಕಾಣಿಕೆ ಎಷ್ಟು ಅಂತ ಒಂದೇ ಸಲ ಕೇಳುತ್ತಾರೆ, ಅದರಲ್ಲೇ ಸಂಬಳ, ಕರೆಂಟ್ ಬಿಲ್ಲು, ಕಟ್ಟಡ ಎಲ್ಲ. ಕೊಡುವವರಿಗೆ ಸುಲಭ, ಒಂದೇ ಅಂಕಿ. ಎರಡು ಕಡೆ ಹರಿದು ಹಂಚಿ ಹೋಗುವ ಭಯವೂ ಇಲ್ಲ. ಆದರೆ ಲೆಕ್ಕ ಅರ್ಥವಾಗುವ ಹಾಗೆ ಹೇಳಲು ಕಷ್ಟ, ಕಟ್ಟಡಕ್ಕೆಷ್ಟು ಬಂತು ಅನ್ನುವ ಪ್ರಶ್ನೆಗೆ ಉತ್ತರ ಯಾವಾಗಲೂ ಮಸುಕು. ಬೇರೆ ಬೇರೆ ಇಟ್ಟರೆ ಕಟ್ಟಡದ ಉತ್ಸಾಹದಲ್ಲಿ ಮಾಮೂಲಿ ಕಾಣಿಕೆ ಕುಸಿಯಬಹುದು, ಆಗ ಹೊಸ ಕಟ್ಟಡ ಇದೆ, ಪಾಸ್ಟರ್ ಸಂಬಳಕ್ಕೆ ಹಣ ಇಲ್ಲ ಅನ್ನುವ ಸ್ಥಿತಿ.

ಬೇರೆ ಖಾತೆಯೇ ವಾಸಿ ಅಂತ ನನ್ನ ಮತ. ಕೇಳುವಾಗ ಮಾತ್ರ ಬಿಡಿಸಿ ಹೇಳಬೇಕು: ಈಗ ಕೊಡುತ್ತಿರುವುದು ಹಾಗೇ ಇರಲಿ, ಇದು ಅದರ ಮೇಲೆ. ಜನ ತಮ್ಮ ಮಾತು ಬರೆದು ಸಹಿ ಹಾಕಿ ಕೊಡುವ ಕಾರ್ಡಿನಲ್ಲೂ ಹಾಗೇ ಅಚ್ಚು ಹಾಕಿಸಿ.

ಲೆಕ್ಕ ಮತ್ತು ಕಾರ್ಡು

2 ಅರಸುಗಳು 12ನೇ ಅಧ್ಯಾಯ ಕಟ್ಟಡ ಕಮಿಟಿಯವರು ಒಟ್ಟಿಗೆ ಓದಬೇಕು. ಯೋವಾಷ ಅರಸ ದೇವಾಲಯ ದುರಸ್ತಿ ಮಾಡಿ ಅಂತ ಯಾಜಕರಿಗೆ ಹಣ ಕೂಡಿಸಲು ಹೇಳಿರುತ್ತಾನೆ. ಅವನ ಆಳ್ವಿಕೆಯ 23ನೇ ವರ್ಷ ಬಂದರೂ ದುರಸ್ತಿ ಆಗಿರುವುದಿಲ್ಲ! ಆಗ ಏನು ಮಾಡುತ್ತಾರೆ? ಯಾಜಕ ಯೆಹೋಯಾದ ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಪಕ್ಕ ಇಡುತ್ತಾನೆ. ತುಂಬಿದಾಗ ಅರಸನ ಲೇಖಕ ಮತ್ತು ಮಹಾಯಾಜಕ ಇಬ್ಬರೂ ಸೇರಿ ಎಣಿಸುತ್ತಾರೆ. ಹಣ ನೇರ ಕೆಲಸದವರಿಗೆ ಹೋಗುತ್ತದೆ. ಅದರಿಂದ ಬೆಳ್ಳಿ ಪಾತ್ರೆ ಮಾಡಿಸುವುದಿಲ್ಲ, ದುರಸ್ತಿಗೆ ಮಾತ್ರ. ಬೇರೆ ಪೆಟ್ಟಿಗೆ, ಇಬ್ಬರು ಎಣಿಸುವವರು, ಬೇರೆ ಖರ್ಚಿಗೆ ಮುಟ್ಟದಿರುವುದು. ಇವತ್ತಿನ ಆಡಿಟರ್ ಕೇಳುವುದೂ ಇದನ್ನೇ, ಜೊತೆಗೆ ರಸೀದಿ ಮತ್ತು ಬ್ಯಾಂಕ್ ಖಾತೆ.

ಮಾತು ಕೊಟ್ಟವರಿಗೆ ಮೂರು ತಿಂಗಳಿಗೊಮ್ಮೆ ಅವರವರ ಲೆಕ್ಕ ಕಳಿಸಿ: ಇಷ್ಟು ಬರೆದಿದ್ದೀರಿ, ಇಷ್ಟು ಬಂದಿದೆ, ಕಟ್ಟಡ ಇಲ್ಲಿಯ ತನಕ ಆಗಿದೆ. ಬಾಕಿ ಅನ್ನುವ ಪದ ಬೇಡ, ಫೋಟೋ ಇರಲಿ. ಕಂತು ನಿಲ್ಲಿಸಿದವರಿಗೆ ಪತ್ರ ಬರೆಯಬೇಡಿ, ಯಾರಾದರೂ ಒಬ್ಬರು ಹೋಗಿ ಹೇಗಿದ್ದೀರಿ ಅಂತ ಕೇಳಿ. ನಿಂತಿರುವುದಕ್ಕೆ ಕಾರಣ ಹೆಚ್ಚಾಗಿ ಮನೆಯ ಕಷ್ಟ ಇರುತ್ತದೆ. ಹೊಸದಾಗಿ ಸಭೆಗೆ ಸೇರಿದವರಿಗೆ ಮಧ್ಯದಲ್ಲೂ ಕಾರ್ಡು ಕೊಡಿ, ಕಳೆದುಹೋಗುವ 10 ಪರ್ಸೆಂಟ್‌ನಲ್ಲಿ ಸ್ವಲ್ಪ ಅಲ್ಲಿಂದ ತುಂಬುತ್ತದೆ.

ಗುರಿಯ ಅಂಕಿಯಲ್ಲಿ ಬರೀ ಗೋಡೆ ಛಾವಣಿ ಅಲ್ಲ, ಅನುಮತಿಯ ಖರ್ಚು, ಬೆಂಚು, ವೈರಿಂಗ್, ಅಭಿಯಾನದ ಖರ್ಚು, ಬೆಲೆ ಏರಿದರೆ ಅಂತ 10 ಪರ್ಸೆಂಟ್, ಮಾತು ತಪ್ಪಿದ್ದಕ್ಕೆ ಇನ್ನೊಂದು 10, ಎಲ್ಲ ಸೇರಿರಲಿ. ಇಷ್ಟೆಲ್ಲ ಸೇರಿಸಿದ ಮೇಲೂ ಹೆಚ್ಚು ಬಂದರೆ? ವಿಮೋಚನಕಾಂಡ 36ರಲ್ಲಿ ಜನ ತಂದದ್ದು ಬೇಕಾದದ್ದಕ್ಕಿಂತ ಹೆಚ್ಚಾದಾಗ ಇನ್ನು ತರಬೇಡಿ ಅಂತ ಮೋಶೆ ಡಂಗುರ ಸಾರಿಸಿದ. ನಿಮ್ಮಲ್ಲೂ ಹಾಗಾಗಲಿ, ಆದರೆ ಹೆಚ್ಚಾದ ಹಣ ಎಲ್ಲಿಗೆ, ಕಡಿಮೆ ಬಿದ್ದರೆ ಯಾವ ಹಂತಕ್ಕೆ ನಿಲ್ಲಿಸುತ್ತೀರಿ, ಕೆಲಸವೇ ಆಗದಿದ್ದರೆ ಕೊಟ್ಟವರಿಗೆ ವಾಪಸ್ಸಾ ಅಥವಾ ಬೇರೆ ಉಪಯೋಗಕ್ಕಾ, ಈ ಮೂರಕ್ಕೂ ಉತ್ತರವನ್ನು ಸಭೆಯಲ್ಲಿ ಮೊದಲೇ ತೀರ್ಮಾನಿಸಿ ಕಾರ್ಡಿನ ಹಿಂಬದಿಯಲ್ಲಿ ಎರಡು ಸಾಲಿನಲ್ಲಿ ಅಚ್ಚು ಹಾಕಿಸಿ. ಸಹಿ ಹಾಕುವವರು ಆ ಬದಿಯನ್ನೂ ತಿರುಗಿಸಿ ಓದುತ್ತಾರೆ.